ಕುರ್ಚಿಗಳೇ ಕಟ್ಟುವ ನಾಟಕ

ಯುಜೀನ್ ಅಯೊನೆಸ್ಕೊನ ‘ಕುರ್ಚಿಗಳು’ ಎಂಬ ಅಸಂಗತ ನಾಟಕ ಮೊದಲು ರಂಗವೇರಿದ್ದು 1952ರಲ್ಲಿ, ಪ್ಯಾರಿಸ್‌ನಲ್ಲಿ. ಸುತ್ತ ನೀರು, ನಡುವೆ ಮನೆ. ಒಳಗೆ 95ರ ಮುದುಕ, 94ರ ಮುದುಕಿ. ತಾನು ಬಾಳಿ ಕಂಡದ್ದನ್ನು ಲೋಕಕ್ಕೆ ಹೇಳಿಯೇ ಸಾಯಬೇಕೆಂಬುದು ಮುದುಕನ ಹಂಬಲ. ಅದಕ್ಕೆಂದೇ ಒಬ್ಬ ಭಾಷಣಕಾರನನ್ನು ಗೊತ್ತುಮಾಡಿದ್ದಾನೆ. ಅತಿಥಿಗಳು ಬರುತ್ತಾರೆ, ಒಬ್ಬರೂ ಕಣ್ಣಿಗೆ ಕಾಣುವುದಿಲ್ಲ. ಬಂದವರಿಗೆಲ್ಲ ಮುದುಕಿ ಕುರ್ಚಿ ತಂದಿಡುತ್ತಾಳೆ.

ರಂಗಕರ್ಮಿಯ ಕಸುಬು ಒರೆಗೆ ಹತ್ತುವುದು ಇಲ್ಲೇ. ಇಬ್ಬರೇ ನಟರು ಕಿಕ್ಕಿರಿದ ಸಭೆಯನ್ನು ನಮ್ಮ ಕಣ್ಣಮುಂದೆ ಕಟ್ಟಬೇಕು. ಕಾಣದ ಅತಿಥಿ ಎಷ್ಟೆತ್ತರ, ಎಲ್ಲಿ ಕೂತಳು ಎಂಬುದರಲ್ಲಿ ಇಬ್ಬರ ನೋಟವೂ ಒಂದೇ ಕಡೆ ಕೂಡಬೇಕು; ಗೇಣು ತಪ್ಪಿದರೂ ಅವಳು ಮಾಯ. ಬಾಗಿಲ ಗಂಟೆಯ ಬಡಿತ ಏರಿದಂತೆ ಕುರ್ಚಿ ಹೊರುವ ವೇಗವೂ ಏರಬೇಕು. ಕೊನೆಗೆ ಆ ಖಾಲಿ ಕುರ್ಚಿಗಳ ಸಂದಣಿಯೇ ಗಂಡಹೆಂಡಿರನ್ನು ರಂಗದ ಎರಡು ಬದಿಗೆ ತಳ್ಳುತ್ತದೆ. ಬೇರೆ ಬೇರೆ ಕಿಟಕಿಗಳಿಂದ ಇಬ್ಬರೂ ನೀರಿಗೆ ಹಾರುತ್ತಾರೆ. ನಂಬಿದ ಭಾಷಣಕಾರನೋ ಕಿವಿ ಕೇಳದ, ಮಾತು ಬಾರದ ಮನುಷ್ಯ. ಅವನ ಗಂಟಲಿಂದ ಹೊರಡುವುದು ಅರ್ಥವಾಗದ ಸದ್ದು ಮಾತ್ರ.

ಮೊದಲ ಪ್ರಯೋಗಕ್ಕೆ ಪ್ರೇಕ್ಷಕರು ಬರಲಿಲ್ಲ. 1956ರಲ್ಲಿ ಜಾಕ್ ಮೊಕ್ಲೇರ್ ಮತ್ತೆ ಆಡಿಸಿದಾಗ ನಾಟಕ ಗೆದ್ದಿತು. ಮುದುಕಿಯ ಪಾತ್ರ ಮಾಡಿದ ಸಿಲ್ಲಾ ಶೆಲ್ಟನ್‌ಗೆ ಆಗಿನ್ನೂ 40 ತುಂಬಿರಲಿಲ್ಲ.

ಇದನ್ನು ಆಡಿಸುವವರಲ್ಲಿ ನನ್ನದೊಂದು ಕೋರಿಕೆ: ನಗು ತಾನಾಗಿಯೇ ಬರುತ್ತದೆ, ಅದಕ್ಕಾಗಿ ಮುದುಕರನ್ನು ಗೇಲಿ ಮಾಡಬೇಡಿ. ಅವರಿಬ್ಬರ ನಡುವಿನ ಅಕ್ಕರೆಯನ್ನು ಕಾಪಾಡಿ; ಈ ನಾಟಕದ ಜೀವ ಅಲ್ಲಿದೆ.