ಮುಖ ಚೆಂದ, ನೆರಳೆಲ್ಲಿ?

ಯಾವ ಭಾನುವಾರ ಅಂಬೇಡ್ಕರ್ ವೀಧಿಗೆ ಹೋದರೂ ಈ ನೋಟ ತಪ್ಪುವುದಿಲ್ಲ. ಊರಿಂದ ಬಂದ ಸಂಸಾರವೊಂದು ವಿಧಾನಸೌಧಕ್ಕೆ ಬೆನ್ನು ಹಾಕಿ ಬಿಸಿಲಲ್ಲಿ ಸಾಲಾಗಿ ನಿಂತಿರುತ್ತದೆ. ಮೊಬೈಲು ಹಿಡಿದವನು ಗುಮ್ಮಟ ಪೂರ್ತಿ ಸಿಗಲೆಂದು ಹಿಂದೆ ಹಿಂದೆ ಸರಿದು, ಕೊನೆಗೆ ಫುಟ್‌ಪಾತಿನ ಮೇಲೆ ಮಂಡಿಯೂರುತ್ತಾನೆ. ಬೇಲಿಯ ಕಂಬಿಯನ್ನು ಚಿತ್ರದಿಂದ ಹೊರಗಿಡುವುದೇ ಅವನಿಗೆ ದೊಡ್ಡ ಸರ್ಕಸ್ಸು.

ಬೆಂಗಳೂರಿನ ಕಟ್ಟಡಗಳನ್ನು ನಾವೆಲ್ಲ ಮೆಚ್ಚುವುದು ಹೀಗೆಯೇ, ರಸ್ತೆಯಲ್ಲಿ ನಿಂತು, ಮುಖ ನೋಡಿ. ಬರೆಯುವವರೂ ಅಷ್ಟೇ: ಗೋಥಿಕ್, ದ್ರಾವಿಡ, ಆಧುನಿಕ ಎಂದು ಚೀಟಿ ಅಂಟಿಸಿ ಮುಂದೆ ಹೋಗುತ್ತೇವೆ. ನನ್ನ ಅಳತೆಗೋಲು ಸ್ವಲ್ಪ ಒರಟು. ಮಧ್ಯಾಹ್ನದ ಬಿಸಿಲಿಗೋ ಸಂಜೆಯ ದಿಢೀರ್ ಮಳೆಗೋ ಸಿಕ್ಕವನನ್ನು ಈ ಕಟ್ಟಡ ಎಲ್ಲಿ ನಿಲ್ಲಿಸಿಕೊಳ್ಳುತ್ತದೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿಗೆ ಒಳಗೂ ಅಲ್ಲದ, ಹೊರಗೂ ಅಲ್ಲದ ಜಾಗವೇ ವರ್ಷದ ಬಹುಪಾಲು ಸುಖ. ಪೇಟೆ ಮನೆಯ ಜಗಲಿ ಅದನ್ನು ಬಲ್ಲದು. 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ತೇಗದ ಕಂಬಗಳ ನಡುವೆ ಕೂತರೆ, ಪಕ್ಕದ ಮಾರ್ಕೆಟ್ಟಿನ ಗದ್ದಲ ಕೇಳುತ್ತಲೇ ಇದ್ದರೂ ಬೆವರು ಆರುತ್ತದೆ. ದಂಡು ಪ್ರದೇಶದ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳ ಮೊನಚು ಟೋಪಿ ಇರುತ್ತಿತ್ತಲ್ಲ, ‘ಮಂಕಿ ಟಾಪ್’ ಎನ್ನುತ್ತಿದ್ದರು, ಅದೂ ಬಿಸಿಲು ತಡೆದು ಗಾಳಿ ಬಿಡುವ ಉಪಾಯವೇ. ಈಗ ಅದನ್ನು ಕಾಫಿ ಅಂಗಡಿಗಳ ಅಲಂಕಾರದಲ್ಲಿ ನೋಡಬೇಕು.

ವಿಧಾನಸೌಧದಿಂದ ರಸ್ತೆ ದಾಟಿದರೆ ಅಠಾರಾ ಕಚೇರಿ. 1868ರಲ್ಲಿ ಮುಗಿದ ಈ ಕೆಂಪು ಕಟ್ಟಡಕ್ಕೆ ಸರ್ಕಾರದ ಹದಿನೆಂಟು ಇಲಾಖೆಗಳು ಬಂದು ಕೂತವು. ಹೆಸರು ಬಂದದ್ದು ಹಾಗೆ. ಕಂಬಗಳು ಗ್ರೀಸಿನವು, ಅಧಿಕಾರ ಲಂಡನ್ನಿನದು. ಮೆಚ್ಚಬಾರದೆಂದು ಹಟ ಹಿಡಿಯಲು ಕಾರಣಗಳು ಬೇಕಾದಷ್ಟಿವೆ. ಆದರೂ ಆ ಕಂಬಸಾಲಿನ ಹಿಂದಿನ ಮೊಗಸಾಲೆಗಳು ಸೋಲಿಸಿಬಿಡುತ್ತವೆ. ಹೈಕೋರ್ಟಾದ ಮೇಲೆ ಎಷ್ಟು ತಲೆಮಾರಿನ ಕಕ್ಷಿದಾರರು ಫೈಲು ಬಗಲಲ್ಲಿಟ್ಟುಕೊಂಡು ಅಲ್ಲಿ ಕಾದಿದ್ದಾರೋ! ನ್ಯಾಯ ಸಿಗುವುದು ತಡವಾದರೂ ನೆರಳು ಆ ಕ್ಷಣಕ್ಕೇ ಸಿಗುತ್ತಿತ್ತು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತೂ ಎದ್ದಿತ್ತು. ಊರಿನ ಜನ ಸುಮ್ಮನಿರದ ಕಾರಣ ಉಳಿಯಿತು.

ಇನ್ನು ವಿಧಾನಸೌಧ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಯೋಜನೆ ಇಷ್ಟು ವೈಭವದ್ದಲ್ಲ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಹಿಗ್ಗಿಸಿದರು, ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಗೆರೆ ಎಳೆದರು. 1956ರಲ್ಲಿ ಕಟ್ಟಡ ಎದ್ದು ನಿಂತಿತು. ಖರ್ಚಿನ ಗದ್ದಲವೂ ಎದ್ದಿತು, ಅದೇ ವರ್ಷ ಕೆಂಗಲ್ ಕುರ್ಚಿ ಬಿಟ್ಟರು. ಆಧುನಿಕ ಸರ್ಕಾರಕ್ಕೆ ದೇವಸ್ಥಾನದ ವೇಷ ಏಕೆ ಎಂದು ಗೊಣಗುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಟೀಕೆಯನ್ನು ನಾನು ಅರ್ಧ ಒಪ್ಪುತ್ತೇನೆ. ನಾಲ್ಕು ಮೂಲೆಯ ಗುಮ್ಮಟಗಳಿಗೆ ನಾಲ್ಕು ಸಿಂಹದ ಮಧ್ಯದ ಗುಮ್ಮಟ ಸಾಲದೆಂಬ ಭಯವಿದ್ದಂತೆ ಕಾಣುತ್ತದೆ. ಆದರೆ ಪೂರ್ವದ ಪಡಸಾಲೆಯ 40 ಅಡಿ ಎತ್ತರದ ಹನ್ನೆರಡು ಗ್ರಾನೈಟ್ ಕಂಬಗಳನ್ನು ಬೆಳಗಿನ ಬಿಸಿಲಲ್ಲಿ ನೋಡಿ. ಆ ಕಲ್ಲು ಹೊರಗಿನಿಂದ ಬಂದದ್ದಲ್ಲ, ಬೆಂಗಳೂರಿನ ಸುತ್ತಮುತ್ತಲದೇ. ಬೋದಿಗೆಯ ಕೆತ್ತನೆ, ಮುಂಚಾಚಿದ ಸಜ್ಜ, ಸಜ್ಜದಡಿಯ ಕಪ್ಪು ನೆರಳು, ಇವು ಮೂರೂ ಸೇರಿ ಆ ಭಾರೀ ದೇಹವನ್ನು ಹಗುರ ಮಾಡುತ್ತವೆ. ಒಳಗಿನ ತೆರೆದ ಅಂಗಳಗಳನ್ನು ಹೊಗಳುವವರು ಕಡಿಮೆ. ನನಗೆ ಮಾತ್ರ ಮಾಣಿಕ್ಯಂ ಅವರ ನಿಜವಾದ ಜಾಣತನ ಅಲ್ಲಿದೆ ಅನ್ನಿಸುತ್ತದೆ: ತೊಟ್ಟಿಮನೆಯನ್ನು ಸಚಿವಾಲಯದ ಅಳತೆಗೆ ಹಿಗ್ಗಿಸಿದ್ದಾರೆ.

ತಪ್ಪಿದ್ದು ಮೆಟ್ಟಿಲಿನ ವಿಷಯದಲ್ಲಿ. ಅಷ್ಟು ಅಗಲದ ಮೆಟ್ಟಿಲು ಕಟ್ಟುವುದೆಂದರೆ ಊರಿಗೆಲ್ಲ ಬನ್ನಿ ಎಂದ ಹಾಗೆ. ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದೂ ಇದೆ. ಆದರೆ ಅದನ್ನು ಹತ್ತುವುದು ಪ್ರಮಾಣವಚನ, ಸನ್ಮಾನದ ದಿನಗಳಲ್ಲಿ. ಅರ್ಜಿ ಹಿಡಿದು ಬಂದವರು ಪಕ್ಕದ ಗೇಟು ಹುಡುಕಬೇಕು. ಇದು ಕಟ್ಟಡದ ದೋಷವಲ್ಲ, ನಿಜ. ಪಕ್ಕದಲ್ಲಿ 2005ರಲ್ಲಿ ಬಂದ ವಿಕಾಸಸೌಧದ್ದು ಮಾತ್ರ ಕಟ್ಟಡದ್ದೇ ದೋಷ. ಅದು ಅಣ್ಣನ ಅಂಗಿ ತೊಟ್ಟಿದೆ, ಅಷ್ಟೇ.

ಅಂಗಿ ತೊಡದೆಯೂ ಪರಂಪರೆ ಉಳಿಸಿಕೊಂಡವರಿದ್ದಾರೆ. ನಾಜಿ ಜರ್ಮನಿ ಬಿಟ್ಟು ಬಂದು 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಆಟೊ ಕೋನಿಗ್ಸ್‌ಬರ್ಗರ್ ಅಂಥವರು. ಇಂದಿಗೂ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ್ದರಲ್ಲಿ ಕೆತ್ತನೆಯಿಲ್ಲ, ಉದ್ದುದ್ದ ಸಜ್ಜಗಳಿವೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಬಿ.ವಿ. ದೋಶಿ ಇನ್ನೂ ಮುಂದೆ ಹೋದರು. ಫತೇಪುರ್ ಸಿಕ್ರಿಯ ಅಂಗಳಗಳು ಅವರಿಗೆ ಪ್ರೇರಣೆ, ಆದರೆ ಒಂದು ಕಮಾನನ್ನೂ ಅಲ್ಲಿಂದ ಕದಿಯಲಿಲ್ಲ. ಒರಟು ಬೂದುಗಲ್ಲಿನ ಗೋಡೆ, ಎತ್ತರದ ಓಣಿ, ತಲೆಯ ಮೇಲೆ ಕೆಲವೆಡೆ ಚಾವಣಿ, ಕೆಲವೆಡೆ ಬರೀ ತೊಲೆ. ಆ ತೊಲೆಗಳ ನಡುವೆ ಬಿಸಿಲು ಪಟ್ಟಿ ಪಟ್ಟಿಯಾಗಿ ಬಿದ್ದು ಗಂಟೆಗೊಮ್ಮೆ ನೆಲದ ಚಿತ್ರ ಬದಲಾಗುತ್ತದೆ. ಪಾಠದ ಕೋಣೆಗಿಂತ ಓಣಿಗೆ ಹೆಚ್ಚು ಮರ್ಯಾದೆ ಕೊಟ್ಟ ಕಾಲೇಜು ಅದು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮ ಜನಕ್ಕೆ ಆ ಓಣಿಗಳ ಗುರುತು ಸಿಕ್ಕಿದ್ದು ಮಾತ್ರ ‘3 ಈಡಿಯಟ್ಸ್’ ಸಿನಿಮಾದಿಂದ! ಅಲ್ಲೂ ಒಂದು ಕೊರತೆಯಿದೆ. ಈ ನೆರಳೆಲ್ಲ ಕಾಂಪೌಂಡಿನೊಳಗೇ ಉಳಿದಿದೆ.

ಹೊರವರ್ತುಲ ರಸ್ತೆಯ ಗಾಜಿನ ಪೆಟ್ಟಿಗೆಗಳ ಬಗ್ಗೆ ಹೆಚ್ಚು ಹೇಳಲಾರೆ. ಬಿಸಿಲನ್ನು ಮೊದಲು ಒಳಗೆ ಕರೆದು, ಆಮೇಲೆ ಎ.ಸಿ. ಹಾಕಿ ಓಡಿಸುವುದು ಈ ಊರಿನಲ್ಲಿ ಹುಟ್ಟಿದ ಬುದ್ಧಿಯಲ್ಲ. ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಬಿದಿರು, ತೂಗುಗಿಡಗಳಿಂದ ‘ಉದ್ಯಾನ ನಗರಿ’ಯನ್ನು ನೆನಪಿಸುತ್ತದೆ. ಕಣ್ಣಿಗೆ ತಂಪು, ಸಂದೇಹವಿಲ್ಲ, ಟಿಕೆಟ್ಟಿದ್ದವರಿಗೆ.

ಮೊನ್ನೆ ಸಂಜೆ ಮಳೆ ಹಿಡಿದಾಗ ನಾನೂ ಇಪ್ಪತ್ತು ಮೂವತ್ತು ಬೈಕಿನವರ ಜೊತೆ ಮೆಟ್ರೊ ಸೇತುವೆಯ ಕೆಳಗೆ ನಿಂತಿದ್ದೆ. ಎದುರಿಗೆ ಹನ್ನೆರಡು ಮಹಡಿಯ ಗಾಜಿನ ಕಟ್ಟಡ, ಒಂದಂಗುಲ ಸಜ್ಜವಿಲ್ಲ. ಅದರ ಬಾಗಿಲ ಸೆಕ್ಯೂರಿಟಿಯವನೂ ತಲೆಯ ಮೇಲೆ ರಿಜಿಸ್ಟರ್ ಹಿಡಿದುಕೊಂಡು ರಸ್ತೆ ದಾಟಿ ನಮ್ಮ ಕಡೆಗೇ ಓಡಿಬಂದ.