ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಹಳೆಯ ಕಾರುಗಳ ಪುಟ್ಟ ಮಾದರಿಗಳನ್ನು ಅಳತೆ ಹಿಡಿದು ಕಟ್ಟುವ ಹವ್ಯಾಸದ ಮಾತೆತ್ತಿದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಅದು ಮಕ್ಕಳಾಟ. ಇನ್ನೊಂದು, ಅದು ದುಡ್ಡಿದ್ದವರ ಚಟ. ಸಾಹಿತ್ಯ ಓದುವ ನನಗೆ ಇವೆರಡೂ ಸಾಲವು. ಕಾರೊಂದನ್ನು ಅಂಗೈಗೆ ಇಳಿಸುವವನು ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಹೆಜ್ಜೆಹೆಜ್ಜೆಗೂ ತೀರ್ಮಾನಿಸುತ್ತಿರುತ್ತಾನೆ. ಅನುವಾದಕ ಮಾಡುವ ಕೆಲಸವೂ ಇದೇ. ಹಾಗಿದ್ದಮೇಲೆ ಆ ತೀರ್ಮಾನಗಳನ್ನು ಒಂದು ಕೃತಿಯಂತೆ ಓದಬಹುದು, ಒಪ್ಪಬಹುದು, ಬೇಕಾದರೆ ಜಗಳವನ್ನೂ ಆಡಬಹುದು.

ಮೊದಲು ಸ್ವಲ್ಪ ಲೆಕ್ಕ. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳು 1:43, 1:24 ಮತ್ತು 1:18. ಇವು ಆಕಾಶದಿಂದ ಇಳಿದವಲ್ಲ. 1:43 ಬಂದದ್ದು ಆಟಿಕೆ ರೈಲುಗಳ ಅಳತೆಯಿಂದ. 1:24 ಎಂದರೆ ಅಸಲಿನ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಇಂಚು. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್ 1:24ರಲ್ಲಿ 18 ಸೆಂಟಿಮೀಟರ್ ಆಗುತ್ತದೆ. ಆದರೆ ಎಲ್ಲವೂ ಒಂದೇ ಸಮನೆ ಕುಗ್ಗುವುದಿಲ್ಲ. ಉದ್ದ 24 ಪಾಲು ಇಳಿದರೆ ತೂಕ ಇಳಿಯಬೇಕಾದದ್ದು 13,824 ಪಾಲು. ಬಣ್ಣವಂತೂ ಕುಗ್ಗಲು ಒಪ್ಪುವುದೇ ಇಲ್ಲ. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಬಳಿದರೂ ಅದು ಅಸಲಿ ಕಾರಿನ ಮೇಲೆ 2.4 ಮಿಲಿಮೀಟರ್ ದಪ್ಪ ಮೆತ್ತಿದಂತೆ. ಹಾಗಾಗಿ ಅಳತೆಗೆ ನಿಷ್ಠನಾದವನೂ ಕಣ್ಣಿಗಾಗಿ ಅಷ್ಟಿಷ್ಟು ಸುಳ್ಳು ಹೇಳಲೇಬೇಕು. ಯಾವ ಸುಳ್ಳು, ಯಾರ ಕಣ್ಣಿಗಾಗಿ ಎಂಬಲ್ಲಿಂದ ವಿಮರ್ಶೆ ಶುರುವಾಗುತ್ತದೆ.

ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ 1962ರ ಪುಸ್ತಕವೊಂದರಲ್ಲಿ ಚಿಕ್ಕ ಮಾದರಿಗಳ ಬಗ್ಗೆ ಕೆಲವು ಪುಟ ಬರೆದಿದ್ದಾನೆ. ದೊಡ್ಡ ವಸ್ತುವನ್ನು ನಾವು ಬಿಡಿಭಾಗಗಳಿಂದ ಅರಿಯುತ್ತಾ ಹೋಗುತ್ತೇವೆ, ಚಿಕ್ಕದಾದಾಗ ಮಾತ್ರ ಇಡಿಯೇ ಮೊದಲು ಕಣ್ಣಿಗೆ ಬೀಳುತ್ತದೆ, ಅದರ ಸುಖ ಇರುವುದು ಅಲ್ಲಿ ಎನ್ನುವುದು ಅವನ ವಾದದ ಸಾರ. ನೋಡುವವರ ಮಟ್ಟಿಗೆ ಇದು ಸರಿ. ಕಟ್ಟುವವನ ಮಟ್ಟಿಗೆ ಪೂರ್ತಿ ತಿರುವುಮುರುವು. ಅವನು ತಿಂಗಳುಗಟ್ಟಲೆ ಒಂದು ಬಾಗಿಲ ಹಿಡಿ, ಒಂದು ವೈಪರ್, ಒಂದು ಹೆಡ್‌ಲೈಟಿನ ಅಂಚಿನ ಜೊತೆ ಕಳೆಯುತ್ತಾನೆ. ಇಡಿ ಅವನಿಗೆ ಕೊನೆಗೆ ಸಿಗುವ ಕೂಲಿ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹಳೆಯ ಉದಾಹರಣೆಯಿದೆ. ಚಿಕ್ಕಬಳ್ಳಾಪುರದ ಪಕ್ಕದ ನಂದಿಯಲ್ಲಿ ಭೋಗನಂದೀಶ್ವರನ ಗುಡಿಯ ಶಿಖರವನ್ನು ನಿಂತು ನೋಡಿ. ಅಂತಸ್ತು ಅಂತಸ್ತಾಗಿ ಮೇಲೇರುವುದು ಕೂಟ, ಶಾಲೆ ಎಂದು ಶಿಲ್ಪಶಾಸ್ತ್ರ ಕರೆಯುವ ಪುಟ್ಟ ಗುಡಿಗಳ ಸಾಲು. ಗುಡಿಯ ಮೇಲೆ ಗುಡಿಯ ಮಾದರಿಗಳನ್ನೇ ಪೇರಿಸಿ ಗುಡಿ ಕಟ್ಟಿದ್ದಾರೆ. ಅಲ್ಲಿ ಅಳತೆಯ ನಿಖರತೆಯನ್ನು ಯಾರೂ ಕೇಳುವುದಿಲ್ಲ. ದಸರೆಯ ಬೊಂಬೆ ಹಬ್ಬದಲ್ಲಿಯೂ ಅಷ್ಟೆ. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಬಸ್ಸು ಆನೆಗಿಂತ ಚಿಕ್ಕದಿರಬಹುದು, ಸೆಟ್ಟಿ ತನ್ನ ಅಂಗಡಿಗಿಂತ ಎತ್ತರವಿರಬಹುದು. ಚಿಕ್ಕದು ದೊಡ್ಡದರ ನೆನಪು ತಂದರೆ ಸಾಕು. ಕಾರಿನ ಮಾದರಿಕಾರ ಈ ಸಲಿಗೆಯನ್ನು ಬಿಟ್ಟುಕೊಟ್ಟು ಬೇರೊಂದನ್ನು ಪಡೆಯುತ್ತಾನೆ. ಅದನ್ನು ಸಾಕ್ಷಿ ಹೇಳುವ ಹಕ್ಕು ಎಂದು ಕರೆಯುತ್ತೇನೆ. ಇದು ಹೀಗೇ ಇತ್ತು ಎಂದು ಅವನ ಕೆಲಸ ಹೇಳುತ್ತದೆ.

ಆದರೆ ಯಾವುದು ಹೀಗೇ ಇತ್ತು? ಪೆಟ್ಟಿಗೆಯಲ್ಲಿ ಸಿಗುವ ಕಿಟ್‌ಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕ, ಜಪಾನುಗಳ ಕಾರುಗಳವು. ರೋಲ್ಸ್ ರಾಯ್ಸ್, ಬುಗಾಟಿ, ಫೋರ್ಡ್. ಇಂಗ್ಲಿಷರ ಬಳಕೆಯಲ್ಲಿ ‘ವಿಂಟೇಜ್’ ಎಂದರೆ 1919ರಿಂದ 1930ರವರೆಗಿನ ಕಾರುಗಳು. ಆ ಕಾಲದಲ್ಲಿ ಶಿಡ್ಲಘಟ್ಟ, ಗೌರಿಬಿದನೂರುಗಳ ಹೆಚ್ಚಿನ ಜನ ಓಡಾಡಿದ್ದು ಎತ್ತಿನ ಗಾಡಿಯಲ್ಲಿ. ನಾವು ಆ ಮಾದರಿಗಳನ್ನು ಕಟ್ಟುವಾಗ ನಮ್ಮದಲ್ಲದ ನೆನಪಿಗೆ ಪಾಲಿಷ್ ಹಾಕುತ್ತಿರುತ್ತೇವೆ. ಅವು ಯಾವಾಗಲೂ ಷೋರೂಮಿನಿಂದ ಈಗಷ್ಟೇ ಇಳಿದಂತಿರುತ್ತವೆ. ಚಾಲಕನ ಸೀಟು ಸವೆದಿರುವುದಿಲ್ಲ. ಮಹಾರಾಜರ ಕಾರಿನ ಮಾದರಿಯಲ್ಲಿ ಅದನ್ನು ಓಡಿಸಿದವನ, ತೊಳೆದವನ ಗುರುತು ನನಗೆ ಈವರೆಗೆ ಸಿಕ್ಕಿಲ್ಲ.

ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ನೋಡಿಬಂದು ಇಲ್ಲೊಂದು ಕಾರ್ಖಾನೆ ಕಟ್ಟುವ ಯೋಜನೆ ಹಾಕಿದರು. ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ಸಿಗದೆ ಮೈಸೂರಿನಲ್ಲಿ ಆ ಕಾರ್ಖಾನೆ ಏಳಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದರು. ಆಗದೇ ಹೋದ ಆ ಮೈಸೂರು ಕಾರಿನ ಮಾದರಿಯನ್ನು ಯಾರಾದರೂ ಕಟ್ಟಬಾರದೇ ಎಂದು ಗೆಳೆಯನೊಬ್ಬ ಕೇಳಿದ್ದ. ಆಸೆ ಚೆನ್ನಾಗಿದೆ. ಆದರೆ ರಸ್ತೆಗೇ ಇಳಿಯದ ಕಾರಿಗೆ ಸವೆತವೂ ಇಲ್ಲ, ಸಾಕ್ಷಿಯೂ ಇಲ್ಲ. ಅದು ಬೊಂಬೆ ಹಬ್ಬದ ಮೆಟ್ಟಿಲಿಗೆ ಸಲ್ಲುತ್ತದೆ, ಈ ಹವ್ಯಾಸಕ್ಕಲ್ಲ.

ಇಷ್ಟೆಲ್ಲ ಯೋಚನೆಗೆ ನನ್ನನ್ನು ಹಚ್ಚಿದ ಮಾದರಿ ಚಿಂತಾಮಣಿಯಲ್ಲಿದೆ. ಕಟ್ಟಿದವನು ನನ್ನ ದೊಡ್ಡಪ್ಪನ ಮಗ, ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ದೊಡ್ಡಪ್ಪ ಚಿಂತಾಮಣಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದವರು. ಆ ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು. ಉಳಿದಿರುವುದು ಎಡಮಗ್ಗುಲಿನ ಒಂದೇ ಫೋಟೊ. ಅಣ್ಣ ಕಿಟ್ ಕೊಂಡವನಲ್ಲ. ಸನ್‌ಬೋರ್ಡು, ಎಂ-ಸೀಲ್, ಬಾಲ್‌ಪೆನ್ನಿನ ರೀಫಿಲ್, ಸಿಗರೇಟು ಪ್ಯಾಕಿನ ಬೆಳ್ಳಿಕಾಗದ, ಇವು ಅವನ ಸಾಮಾನು. ಬಾನೆಟ್ಟಿನ ಒಳಗಿನ ತಂತಿಗಳಿಗೆ ಹತ್ತಿಯ ದಾರ ಒಗ್ಗಲಿಲ್ಲ. ಅದರ ಜುಂಗು ಈ ಅಳತೆಯಲ್ಲಿ ಹಗ್ಗದ ಕೂದಲಿನಂತೆ ಎದ್ದು ಕಾಣುತ್ತದೆ. ಶಿಡ್ಲಘಟ್ಟದ ರೀಲರ್ ಒಬ್ಬರಿಂದ ತಂದ ರೇಷ್ಮೆ ನೂಲಿಗೆ ಮೇಣ ಹಚ್ಚಿ ಎಳೆದ.

ಮಾದರಿಯ ಮುಖ್ಯ ತೀರ್ಮಾನ ಇರುವುದು ಹಿಂಬದಿಯಲ್ಲಿ. ಹಿಂದಿನ ಕಮಾನು ಪಟ್ಟೆಗಳನ್ನು ಅವನು ಎರಡು ಮಿಲಿಮೀಟರ್ ತಗ್ಗಿಸಿದ್ದಾನೆ. ಅಸಲಿ ಕಾರಿನಲ್ಲಿ ಅದು 48 ಮಿಲಿಮೀಟರ್, ಹತ್ತು ಜನರನ್ನೂ ಅವರ ಗಂಟುಮೂಟೆಗಳನ್ನೂ ವರ್ಷಗಟ್ಟಲೆ ಹೊತ್ತ ಕಾರು ಖಾಲಿ ನಿಂತಾಗಲೂ ಕುಸಿದೇ ಇರುತ್ತಿದ್ದಷ್ಟು. ಮುಂದಿನ ಉದ್ದ ಸೀಟಿನ ಮೆತ್ತೆ ಬಲ ಬಾಗಿಲ ಕಡೆಗೆ ಅದುಮಿಹೋಗಿದೆ. ಪಕ್ಕದಲ್ಲಿ ಮೂವರು ತುಂಬಿಕೊಂಡಾಗ ಚಾಲಕ ಬಾಗಿಲಿಗೆ ಒತ್ತಿಕೊಂಡು, ಅರ್ಧ ಓರೆಯಾಗಿ ಕೂರಬೇಕಿತ್ತು. ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಇದನ್ನು ಒಯ್ದಾಗ ತೀರ್ಪುಗಾರರೊಬ್ಬರು ಹಿಂಬದಿಯ ತಗ್ಗನ್ನು ಜೋಡಣೆಯ ದೋಷವೆಂದು ಗುರುತಿಸಿ ಅಂಕ ಕಳೆದರು.

“ಹೇಳಬಾರದಿತ್ತೇ ಅಣ್ಣ, ಬೇಕೆಂದೇ ಮಾಡಿದ್ದು ಅಂತ?” ಎಂದು ಕೇಳಿದೆ.

“ಅವರು ಕಂಪನಿ ಬ್ರೋಷರ್ ಇಟ್ಟುಕೊಂಡು ನೋಡ್ತಾ ಇದ್ರು ಕಣೋ. ನಾನು ನಮ್ಮಪ್ಪನ್ನ ಇಟ್ಟುಕೊಂಡು ಮಾಡಿದ್ದೆ,” ಎಂದ.

ತೀರ್ಪುಗಾರರ ಅಳತೆ ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ಅವರಿಗೆ ತಗ್ಗಿನ ಕಾರಣ ಕಾಣುವಂತೆ ಮಾದರಿಯೇ ಮಾಡಿತ್ತೇ ಎಂದೂ ಕೇಳಬೇಕು. ಪೂರ್ತಿ ಮಾಡಿರಲಿಲ್ಲ ಎಂದು ನನ್ನ ಅನಿಸಿಕೆ. ಸವೆತ ಎಲ್ಲೆಲ್ಲಿ ಕೆಲಸದಿಂದ ಬಂದಿದೆಯೋ ಅಲ್ಲೆಲ್ಲ ಅಣ್ಣನ ಕೈ ಗೆದ್ದಿದೆ. ಬಾಗಿಲ ಹಿಡಿಯ ಸುತ್ತ ಬಣ್ಣ ಮಾಸಿದೆ, ಕ್ಯಾರಿಯರ್ ಕೂತ ಕಡೆ ಮಾಡು ತುಸು ನೆಗ್ಗಿದೆ. ಆದರೆ ಧೂಳನ್ನು ಅವನು ಮೈತುಂಬ ಒಂದೇ ಸಮನೆ ಎರಚಿದ್ದಾನೆ. ನಮ್ಮ ಕೆಂಪುಮಣ್ಣಿನ ಧೂಳು ಹಾಗೆ ಕೂರುವುದಿಲ್ಲ. ಚಕ್ರದ ಹಿಂದೆ ದಟ್ಟವಾಗಿ ಹತ್ತಿ, ಡಿಕ್ಕಿಯ ಮೇಲೆ ತೆಳುವಾಗಿ ಹರಡಿ, ದಿನಾ ಬೆಳಿಗ್ಗೆ ಒರೆಸುವ ಕೈ ತಾಕಿದಷ್ಟು ಜಾಗ ಬಿಟ್ಟಿರುತ್ತದೆ. ದೊಡ್ಡಪ್ಪ ದಿನಾ ಕಾರು ಒರೆಸುತ್ತಿದ್ದವರು. ಒಂದೇ ಸಮನಾದ ಧೂಳು ಅವರ ಆ ಶಿಸ್ತನ್ನು ಅಳಿಸುತ್ತದೆ, ಬಡತನವೊಂದನ್ನೇ ತೋರಿಸುತ್ತದೆ. ಇದು ಪಾಲಿಷ್ಷಿನಷ್ಟೇ ದೊಡ್ಡ ಸುಳ್ಳು. ತಗ್ಗಿದ ಹಿಂಬದಿಯನ್ನು ದೋಷವೆಂದು ಓದುವುದಕ್ಕೆ ಅದೂ ಸ್ವಲ್ಪ ದಾರಿ ಮಾಡಿಕೊಟ್ಟಿತು. ಮೈಯೆಲ್ಲ ಒಂದೇ ಬಗೆಯ ಕೊಳೆ ಕಂಡವರು ಕುಸಿತವನ್ನೂ ಅಲಕ್ಷ್ಯದ ಲೆಕ್ಕಕ್ಕೇ ಹಾಕುತ್ತಾರೆ.

ಹಾಗಿದ್ದರೂ ಈ ಮಾದರಿಯನ್ನು ನಾನು ಬಿಟ್ಟುಕೊಡಲಾರೆ. ಕಾರಣ ಕಾನೂನಿನಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ‘ವಿಂಟೇಜ್’ ಆಗುತ್ತದೆ, ಅದರ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಷರತ್ತು ಏನೆಂದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ ಬದಲಾಗಿರಬಾರದು. ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಅದನ್ನು ಬಳಸುವಂತಿಲ್ಲ. ಅಂದರೆ ವಿಂಟೇಜ್ ಕಾರು ಒಂದಕ್ಕೊಂದು ಅಳತೆಯ ಮಾದರಿಯೇ ಸರಿ. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡು, ನೂರು ಸಲ ವೆಲ್ಡಿಂಗ್ ಮಾಡಿಸಿಕೊಂಡು ಒಂದು ಮನೆಯನ್ನು ಸಾಕಿದ ಬಾಡಿಗೆ ಅಂಬಾಸಿಡರ್ ಉಳಿದಿದ್ದರೂ ಈ ಮಾನ್ಯತೆ ಪಡೆಯುತ್ತಿರಲಿಲ್ಲ. ದುಡಿದದ್ದೇ ಅದರ ಅನರ್ಹತೆ.

ದುಡಿದು ಸವೆದ ಕಾರಿಗೆ ಮ್ಯೂಸಿಯಮ್ಮಿನಲ್ಲಿ ಜಾಗವಿಲ್ಲ, ನೋಂದಣಿ ಪುಸ್ತಕದಲ್ಲಿ ಜಾಗವಿಲ್ಲ. ಅದು ಉಳಿಯಬಹುದಾದ ಜಾಗ ಇಂಥ ಮಾದರಿಗಳೇ. ನಮ್ಮ ಹವ್ಯಾಸಿಗಳು ಬುಗಾಟಿಯನ್ನು ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಬುಗಾಟಿಯ ನೆನಪನ್ನು ಕಾಯಲು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೌರಿಬಿದನೂರಿನ ಜೀಪು, ಚಿಂತಾಮಣಿಯ ಬಾಡಿಗೆ ಕಾರುಗಳಿಗೆ ಇರುವವರು ಬಹಳ ಕಡಿಮೆ. ಅವನ್ನು ಕಟ್ಟುವವರು ಅಷ್ಟೇ ಕಟ್ಟುನಿಟ್ಟಾಗಿ ಕಟ್ಟಲಿ, ಧೂಳಿನ ವಿಷಯದಲ್ಲೂ. ಅಣ್ಣ ಈಗ ಹಳೆಯ ಧೂಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸುತ್ತಿದ್ದಾನೆ. ಹಿಂಬದಿಯನ್ನು ಮಾತ್ರ ಎತ್ತುವುದಿಲ್ಲವಂತೆ.