ಡೈರೆಕ್ಟ್ ಕೊಟ್ಟರೆ ಮುಗಿಯಿತೇ?

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ ಬದಿಯ ಗ್ಯಾರೇಜುಗಳಿಗೆ ಹಳೆಯ ಯೆಜ್ಡಿ ಬೈಕ್ ಬಂದರೆ, ಇಂಜಿನ್ ಮಟ್ಟಿಗೆ ಮೆಕ್ಯಾನಿಕ್ಕಿನ ಕಿವಿಯನ್ನು ಧಾರಾಳ ನಂಬಬಹುದು. ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಸದ್ದು ಪಿಸ್ಟನ್ನಿನದೋ ಬೇರಿಂಗಿನದೋ ಎಂದು ಹೇಳುವವರಿದ್ದಾರೆ. ವೈರಿಂಗ್ ಮತ್ತು ಸೈಲೆನ್ಸರ್ ವಿಷಯಕ್ಕೆ ಬಂದರೆ ಅವರಿಗೇ ತಾಳ್ಮೆ ಇರುವುದಿಲ್ಲ. ಒಂದಕ್ಕೆ ‘ಡೈರೆಕ್ಟ್ ಕೊಡು’, ಇನ್ನೊಂದಕ್ಕೆ ‘ಬ್ಯಾಫಲ್ ತೆಗೆ’. ನನ್ನ ತಕರಾರು ಈ ಎರಡು ಮದ್ದುಗಳ ಮೇಲೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಹಳೆಯ ಮಾಡೆಲ್‌ಗಳಲ್ಲಿರುವುದು 6 ವೋಲ್ಟ್ ಡೈನಮೊ. ಕರಾವಳಿಯ ಉಪ್ಪುಗಾಳಿಗೆ ಈ 6 ವೋಲ್ಟಿನ ವೈರಿಂಗ್ ಸುಲಭದ ತುತ್ತು. ಲೆಕ್ಕ ನೋಡಿ: 35 ವ್ಯಾಟಿನ ಹೆಡ್‌ಲೈಟ್ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಅರ್ತ್ ಬೋಲ್ಟಿನ ತುಕ್ಕು 0.1 ಓಮ್ ತಡೆ ಒಡ್ಡಿದರೂ 0.6 ವೋಲ್ಟ್, ಅಂದರೆ ಹತ್ತರಲ್ಲಿ ಒಂದು ಪಾಲು, ಅಲ್ಲೇ ಸೋರಿಹೋಯಿತು. ಅದೇ ತುಕ್ಕು 12 ವೋಲ್ಟಿನ ಗಾಡಿಯಲ್ಲಿ ನುಂಗುವುದು ಸುಮಾರು ನಲವತ್ತರಲ್ಲಿ ಒಂದು ಪಾಲು ಮಾತ್ರ. ದೀಪ ಮಂಕಾಯಿತು, ಪ್ಲಗ್ಗಿನ ಕಿಡಿ ಸೊರಗಿತು, ಮಿಸ್ ಹೊಡೆಯಿತು ಎಂದಾಗ ಮೊದಲು ಕಳಚುವುದು ಕಾರ್ಬುರೇಟರ್! ಆಮೇಲೆ ಹೊಸ ಬ್ಯಾಟರಿ, ಹೊಸ ಕಾಯಿಲ್. ಕೊನೆಗೆ ಕಾಯಿಲ್‌ಗೆ ಬ್ಯಾಟರಿಯಿಂದ ನೇರ ವೈರ್, ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಗಾಡಿ ಓಡುತ್ತದೆ, ನಿಜ. ಆದರೆ ಮುಂದಿನ ಮಳೆಗಾಲದಲ್ಲಿ ಎಲ್ಲಾದರೂ ಶಾರ್ಟ್ ಆದರೆ ಸುಡುವುದು ಫ್ಯೂಸಲ್ಲ, ಇಡೀ ಹಾರ್ನೆಸ್. ಹೆಡ್‌ಲೈಟ್ ಹಾಕಿಟ್ಟು ಬ್ಯಾಟರಿಯ ಅರ್ತ್ ತುದಿಗೂ ಇಂಜಿನ್ ಮೈಗೂ ಮಲ್ಟಿಮೀಟರ್ ಹಿಡಿದರೆ ಕಾಟ ಎಲ್ಲಿದೆ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು ಅರ್ಧ ವೋಲ್ಟ್ ತೋರಿಸಿದರೆ, ಬೇಕಾದದ್ದು ಉಜ್ಜುಕಾಗದ, ಒಂದು ಸ್ಪ್ಯಾನರ್, ಚೂರು ಗ್ರೀಸ್.

ಸೈಲೆನ್ಸರಿನದು ಇನ್ನೂ ವಿಚಿತ್ರ. ಸಿಲಿಂಡರ್ ಒಂದೇ ಆದರೂ ಈ ಗಾಡಿಗೆ ಸೈಲೆನ್ಸರ್ ಎರಡು. ಪರೀಕ್ಷೆಯ ಸಾಧನವನ್ನು ಕಂಪನಿಯೇ ಕೊಟ್ಟಂತಾಯಿತು: ಎರಡೂ ಬಾಯಿಯ ಹಿಂದೆ ತುಸು ದೂರದಲ್ಲಿ ಅಂಗೈ ಹಿಡಿದು ನೋಡಿದರೆ ಕಟ್ಟಿಕೊಂಡ ಬದಿ ಯಾವುದೆಂದು ಗೊತ್ತಾಗುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಪೂರ್ತಿ ಉರಿಯದೆ ಮಸಿಯಾಗಿ ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬ್ಯಾಫಲ್ಲಿಗೆ ಅಂಟುತ್ತದೆ; ಪೇಟೆಯೊಳಗೇ ಸುತ್ತುವ ಗಾಡಿಯಲ್ಲಂತೂ ಬೇಗ. ಅದನ್ನು ಕೆರೆದು ಮತ್ತೆ ಕೂರಿಸುವ ಬದಲು ಬ್ಯಾಫಲ್ಲನ್ನೇ ಎಸೆಯುತ್ತಾರೆ. ಸದ್ದು ಜೋರಾದದ್ದನ್ನೇ ಪಿಕಪ್ ಎಂದು ತಿಳಿಯುವ ಹುಡುಗರಿಗೆ ಖುಷಿ. ಆದರೆ ಇಂಥ ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆಯೇ ಹೊಸ ಪೆಟ್ರೋಲ್-ಗಾಳಿ ಹೊರಗೆ ಹಾರಿಹೋಗದಂತೆ ಕಾಯುತ್ತದೆ. ಬ್ಯಾಫಲ್ ಹೋಗಿ ಆ ಅಲೆ ಕೆಟ್ಟರೆ ಏನಾಗುತ್ತದೆಂದು ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿಸಿದಾಗ ತಿಳಿಯುತ್ತದೆ. ಸೈಲೆನ್ಸರನ್ನು ಬೆಂಕಿಗೆ ಹಾಕಿ ಮಸಿ ಸುಡುವ ಪದ್ಧತಿಯೂ ಇದೆ. ಮಸಿಯೊಂದಿಗೆ ಕ್ರೋಮೂ ಹೋಗುತ್ತದೆ. ಸಮುದ್ರದ ಪಕ್ಕದ ಊರಿನಲ್ಲಿ ಕ್ರೋಮ್ ಕಳೆದುಕೊಂಡ ತಗಡು ಎಷ್ಟು ದಿನ ಬಾಳೀತು?

ತಪ್ಪನ್ನೆಲ್ಲ ಮೆಕ್ಯಾನಿಕ್ಕಿನ ತಲೆಗೆ ಕಟ್ಟಲಾರೆ. ತಾಳ್ಮೆಯಿಂದ ಕೂತು ಒಂದು ತುಕ್ಕು ಹಿಡಿದ ಬೋಲ್ಟ್ ಹುಡುಕಿ ಸರಿಮಾಡಿದವನಿಗೆ ನಾವು ಕೇಳುವುದು, “ಪಾರ್ಟ್ ಏನೂ ಹಾಕ್ಲಿಲ್ಲ, ದುಡ್ಡು ಯಾಕೆ ಇಷ್ಟು?” ಎಂದು. ಹೊಸ ಕಾಯಿಲ್ ಹಾಕಿದವನ ಬಿಲ್ಲಿಗೆ ಯಾರೂ ತಕರಾರು ಮಾಡುವುದಿಲ್ಲ.